ಒಂದು ಸೊನ್ನೆ ಹೆಚ್ಚು

ಕರೆಂಟ್ ಬಿಲ್ಲಿನ ಬೆನ್ನ ಮೇಲೆ
ಉದ್ದಕ್ಕೆ ಒಂದು ಗೆರೆ ಎಳೆದಿದ್ದಾನೆ ಅನ್ಸೆಲ್ಮೊ.
ಎಡಕ್ಕೆ ಕಾರು, ಬಲಕ್ಕೆ ವಿಮಾನ.
ಎಡಕ್ಕೆ ಪೆಟ್ರೋಲು, ಟೋಲು, ರುಫೀನೊದಲ್ಲಿ ಒಂದು ರಾತ್ರಿ,
ಸವೆದ ಹಿಂದಿನ ಟೈರು.
ಬಲಕ್ಕೆ ಎರಡು ಟಿಕೆಟ್ಟು, ಕೆಳಗೊಂದು ಪ್ರಶ್ನೆಯ ಕೊಕ್ಕೆ:
ಪೆಟ್ಟಿಗೆಗೆ ಎಷ್ಟು ಕೇಳುತ್ತಾರೋ.

ಮೆಂದೋಸಾದಿಂದ ಕಡಲಿಗೆ ಸಾವಿರದ ಮುನ್ನೂರು ಕಿಲೋಮೀಟರು.
ಮಗಳು ರೊಸೀಯೊ ಫೋನು ಹಿಡಿದು ನಿಂತೇ ಇದ್ದಾಳೆ:
"ಬೇಗ ಹೇಳಪ್ಪ, ನೀನು ಕೂಡಿ ಮುಗಿಸುವಷ್ಟರಲ್ಲಿ
ಬೆಲೆ ಏರಿರುತ್ತೆ."
ಈ ದೇಶದಲ್ಲಿ ಇದು ತಮಾಷೆಯ ಮಾತಲ್ಲ.
ಬೆಳಿಗ್ಗೆ ಬರೆದ ಬ್ರೆಡ್ಡಿನ ಬೆಲೆಯನ್ನು
ಸಂಜೆ ಅಂಗಡಿಯವ ಎಂಜಲು ಬೆರಳಲ್ಲಿ ಒರೆಸುವುದನ್ನು
ಕಂಡವರು ನಾವು.

ಅವನಿಗೆ ಹಾರುವ ಆಸೆ.
ಅರವತ್ತೆಂಟು ವರ್ಷ, ಒಮ್ಮೆಯೂ ನೆಲ ಬಿಟ್ಟವನಲ್ಲ.
ಆಂದೀಸನ್ನು ಬುಡದಿಂದಲೇ ನೋಡಿ ನೋಡಿ ಕತ್ತು ಸೋತವ
"ಒಮ್ಮೆ ಅದರ ನೆತ್ತಿ ನೋಡಬೇಕು" ಅಂದ ನಿನ್ನೆ,
ಯಾರಿಗೂ ಅಲ್ಲದ ಹಾಗೆ, ತುಟಿಯೊಳಗೆ.
ಕಿಟಕಿ ಸೀಟಿಗೆ ಬೇರೆ ದುಡ್ಡಂತೆ. ಅದನ್ನೂ ಬರೆದಿದ್ದಾನೆ,
ಸಣ್ಣ ಅಕ್ಷರದಲ್ಲಿ, ನಾಚಿಕೊಂಡು.

ನಾನೀಗ ನನ್ನ ಪಾಪ ಹೇಳಬೇಕು.

ಈ ಮನುಷ್ಯ ಮನೆಯಲ್ಲಿ ಮಾತಾಡುವುದಿಲ್ಲ.
ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ.
ಎದುರು ಕೂತು ಕೇಳಿದರೆ ಅವನ ನಾಲಗೆ
ಬಸವನಹುಳುವಿನ ಕೊಂಬಿನ ಹಾಗೆ ಒಳಕ್ಕೆ.
ಆದರೆ ಸ್ಟೀರಿಂಗು ಕೈಯಲ್ಲಿದ್ದು, ಕಣ್ಣು ರಸ್ತೆಯಲ್ಲಿದ್ದು,
ಪಕ್ಕದಲ್ಲಿ ನಾನು ಸೋರೆಬುರುಡೆಗೆ ಮಾತೆ ಸೊಪ್ಪು ತುಂಬಿ
ಥರ್ಮಾಸಿನ ಬಿಸಿನೀರು ಹನಿಸಿ ಕೊಡುತ್ತಾ ಹೋದರೆ
ಸಾನ್ ಲೂಯಿಸ್ ದಾಟಿ, ಬೆಟ್ಟ ಹಿಂದೆ ಬಿದ್ದು,
ಬಯಲು ಶುರುವಾಗುವಲ್ಲಿ
ಅವನು ಬಾಯಿ ಬಿಡುತ್ತಾನೆ.

ಒಂದು ಸಲ, ಸೂರ್ಯಕಾಂತಿ ಹೊಲದ ಪಕ್ಕ,
ಕತ್ತು ಹೊರಳಿಸದೆ ಹೇಳಿದ:
ಟೈರು ಗೋದಾಮಿನ ಕೆಲಸ ಹೋಗಿ ಮೂರು ವಾರ ಆಯ್ತು,
ದಿನಾ ಇಸ್ತ್ರಿ ಅಂಗಿ ತೊಟ್ಟು ಹೋಗಿ
ಬಸ್ ನಿಲ್ದಾಣದ ಬೆಂಚಲ್ಲಿ ಕೂತು ಬರುತ್ತಿದ್ದೆ.
ನಾನು ಏನೂ ಅನ್ನಲಿಲ್ಲ. ಇನ್ನೊಂದು ಬುರುಡೆ ತುಂಬಿ ಕೊಟ್ಟೆ.
ಇನ್ನೊಂದು ಸಲ, ಲಾರಿಯೊಂದರ ಹಿಂದೆ
ನಲವತ್ತು ಕಿಲೋಮೀಟರು ತೆವಳುವಾಗ,
ಹುಟ್ಟಿದ ದಿನವೇ ಹೋದ ಮಗುವಿಗೆ
ಮನಸ್ಸಿನಲ್ಲೇ ತಾನು ಇಟ್ಟ ಹೆಸರು ಹೇಳಿದ.
ಹನ್ನೊಂದು ವರ್ಷ ಆಗಿತ್ತು. ಲಾರಿಯಲ್ಲಿ ಹಂದಿಗಳಿದ್ದವು.

ಈ ಆಗಸ್ಟಿನಿಂದ ರಾತ್ರಿ ಮೂರಕ್ಕೆ ಎದ್ದು
ಅಡಿಗೆಮನೆಯಲ್ಲಿ ದೀಪ ಹಾಕದೆ ಕೂರುತ್ತಾನೆ.
ಯಾಕೆ ಅಂದರೆ "ಸೆಕೆ" ಅನ್ನುತ್ತಾನೆ.
ಆಗಸ್ಟು ನಮ್ಮಲ್ಲಿ ನಲ್ಲಿಯ ನೀರು ಹೆಪ್ಪುಗಟ್ಟುವ ತಿಂಗಳು.

ವಿಮಾನದಲ್ಲಿ ಎರಡೇ ಗಂಟೆ.
ಅಷ್ಟರಲ್ಲಿ ಬೆಲ್ಟು ಬಿಗಿದು, ಬಿಸ್ಕತ್ತು ತಿಂದು,
ಮೋಡ ನೋಡಿ ಇಳಿದುಬಿಡುತ್ತಾನೆ.
ನನಗೆ ಬೇಕಾದದ್ದು ಕಡಲಲ್ಲ,
ಕಡಲಿಗೆ ಮೊದಲಿನ ಆ ಹದಿನೈದು ಗಂಟೆ.

ಹಾಗಾಗಿ ಅವನು ಕನ್ನಡಕ ತರಲು ಎದ್ದಾಗ
ಆ ಕೊಕ್ಕೆ ಅಳಿಸಿ ಪೆಟ್ಟಿಗೆಯ ದುಡ್ಡು ಬರೆದೆ,
ಒಂದು ಸೊನ್ನೆ ಹೆಚ್ಚಿಗೆ.
ರೊಸೀಯೊ ನೋಡಿದಳು. ಫೋನು ಮಗುಚಿಟ್ಟಳು.

ಬಂದು ಕೂತ. ಪೆನ್ಸಿಲ್ ತುದಿಯಿಂದ
ಒಂದೊಂದೇ ಅಂಕಿ ಮುಟ್ಟುತ್ತಾ ಇಳಿದ.
ವೈನ್ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಇಪ್ಪತ್ತಾರು ಸುಗ್ಗಿ ದ್ರಾಕ್ಷಿ ಲಾರಿ ತೂಗಿದವ,
ಒಂದು ಕಿಲೋ ತಪ್ಪಿದರೂ ಗೇಟಿನಿಂದ ವಾಪಸ್ಸು ಕರೆಸುತ್ತಿದ್ದವ.
ಆ ಸೊನ್ನೆಯ ಮೇಲೆ ಪೆನ್ಸಿಲ್ ನಿಂತಿತು.
ಹೊರಗೆ ನೆರೆಯವರ ನಾಯಿ ಬೊಗಳಿ, ಸುಮ್ಮನಾಯಿತು.

ಕಿಟಕಿ ಸೀಟಿನ ಸಣ್ಣ ಅಕ್ಷರದ ಮೇಲೆ
ಮೆಲ್ಲಗೆ ಒಂದು ಗೆರೆ ಎಳೆದ.
"ಥರ್ಮಾಸಿನ ಮುಚ್ಚಳ ಸೋರುತ್ತೆ, ನೆಲಿದಾ,
ಹೊಸದು ತರಬೇಕು," ಅಂದ.