ನಲವತ್ತು ಸೂಜಿ

ಶೇಷಾದ್ರಿಪುರ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಭಾನುವಾರ ಹನ್ನೆರಡರವರೆಗೆ ನೆಲ ನಡುಗುತ್ತದೆ,
ರಾಗಿ ಸುರಿದರೆ ಒಂದು ಥರ, ಗೋಧಿಗೆ ಇನ್ನೊಂದು.
ಈಗ ನನ್ನ ಅಂಗಾಲಿಗೇ ಗೊತ್ತಾಗುತ್ತದೆ.

ಮೊದಲ ದಿನ ಸಾವಂತ್ರವ್ವ
ನನ್ನ ದಾರದ ತುದಿ ನೋಡಿದರು:
"ಗಂಟ ಯಾಕ ಹಾಕೀದಿ ತಂಗಿ?
ಕಸೂತ್ಯಾಗ ಗಂಟ ನಡ್ಯೂದಿಲ್ಲ.
ಹಿಂದೂ ಮುಂದೂ ಒಂದ ಇರಬೇಕ."
ಹಲ್ಲಿನಿಂದ ಕಡಿದು ಉಗುಳಿದರು.

ನಾನು ಪೀಣ್ಯದವಳು. ಗಂಟೆಗೆ ತೊಂಬತ್ತು ಕಾಲರು.
ಹದಿನಾರು ವರ್ಷದಲ್ಲಿ ಎಷ್ಟು ಕುತ್ತಿಗೆಗೆ ಸುತ್ತಿದ್ದೇನೋ,
ಒಂದರ ಮೇಲಿನ ಮುಖವೂ ಕಂಡಿಲ್ಲ.
ಇಲ್ಲಿ ಎರಡು ಗಂಟೆಗೆ
ಆನೆಯ ಒಂದು ಕಿವಿ.

ಗವಂತಿ ಎಂದರೆ ಇಷ್ಟೆ:
ನಾಲ್ಕು ಎಳೆ ಎತ್ತು, ನಾಲ್ಕು ಎಳೆ ಬಿಡು, ಹೋಗುತ್ತಿರು.
ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬಾ,
ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬು.
ಬರದೇ ಉಳಿದರೆ
ಆನೆ ಬರೀ ಚುಕ್ಕಿಗಳಲ್ಲಿ ನಿಂತುಬಿಡುತ್ತದೆ.

ಆಷಾಢದ ಒಂದು ಭಾನುವಾರ
ಟ್ರಂಕಿನಿಂದ ಹಳೆಯ ಚಂದ್ರಕಾಳಿ ಸೆರಗು ಹೊರಬಂತು.
ಅವರ ಮುತ್ತಜ್ಜಿ ಹಾಕಿದ ಕಸೂತಿಯಂತೆ,
ಅಲ್ಲ, ಮುತ್ತಜ್ಜಿಯ ಸವತಿ ಹಾಕಿದ್ದಂತೆ.
ಆ ಜಗಳ ಮನೆಯಲ್ಲಿ ಇನ್ನೂ ಹರಿದಿಲ್ಲ.
ಕಪ್ಪು ಮಾಸಿ ಕಂದು; ಮಡಿಕೆಯೊಳಗೆ ಬೇವಿನೆಲೆಯ ಪುಡಿ.

ಡೊರೀನ್ ಆಂಟಿ ಭೂತಗನ್ನಡಿ ಹಿಡಿದು ಬಗ್ಗಿದರು,
ಮೂವತ್ತು ವರ್ಷ ಹುಡುಗಿಯರ ತಪ್ಪು ಹುಡುಕಿದ ಟೀಚರು:
"ಈ ಆನೆಗೆ ನೋಡಿ, ಕಾಲು ಐದು!"
ನಕ್ಕೆವು. ಕೆಳಗೆ ರಾಗಿ ಬಿತ್ತು.

ಮೆಹರುನ್ನೀಸಾ ನಗಲಿಲ್ಲ.
ಅವಳಪ್ಪ ಶಿವಾಜಿನಗರದಲ್ಲಿ
ಜರದೋಜಿ ಚೌಕಟ್ಟಿನ ಮುಂದೆ ಬಗ್ಗಿದವರು
ಹಾಗೇ ಬಗ್ಗಿ ಮುದುಕರಾದರು.
ಕಣ್ಣು ಮುಚ್ಚಿ ಉಗುರಿನಿಂದ ಸವರುತ್ತಾ ಹೋದಳು,
ಐದನೇ ಕಾಲಿನ ಹತ್ತಿರ ನಿಂತಳು.
"ಇದು ಇಬ್ಬರ ಕೈ.
ಇಲ್ಲೀತನಕ ದಾರ ಬಿಗಿ, ಇಲ್ಲಿಂದ ಸಡಿಲ.
ಒಬ್ಬಳು ಎದ್ದು ಹೋಗಿದ್ದಾಳೆ,
ಒಲೆಯ ಮೇಲೆ ಹಾಲಿತ್ತೋ, ಮಗು ಅತ್ತಿತೋ.
ಇನ್ನೊಬ್ಬಳು ಕೂತಳು, ಕಾಲು ಎಣಿಸದೇ."

ಗಿರಣಿ ನಿಂತಿತು.
ಸಾವಂತ್ರವ್ವ ಸೆರಗನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು.
ಎರಡೂ ಕಡೆ ಐದೇ.
ಹೋದವಳು ಬಂದು ನೋಡಿರಬೇಕಲ್ಲ,
ನೋಡಿಯೂ ಬಿಚ್ಚಲಿಲ್ಲ.
"ಅಂದ್ರ ಇಬ್ಬರದೂ" ಎಂದರು,
ಕೋಣೆಯಲ್ಲಿಲ್ಲದ ಯಾರಿಗೋ ಜವಾಬು ಕೊಟ್ಟ ಹಾಗೆ.

ಅಂದಿನಿಂದ ನನ್ನದೂ ಮೆಹರುನ್ನೀಸಾಳದೂ ಒಂದೇ ಬಟ್ಟೆ.
ನಾನು ಬಿಗಿ, ಮಷಿನಿನ ಅಭ್ಯಾಸ.
ಅವಳದು ಮಾತಿನಂತೆ ಸ್ವಲ್ಪ ಸಡಿಲ.
ಒಮ್ಮೆ ಜಗಳವಾಗಿ ಎರಡು ವಾರ ಮಾತಿರಲಿಲ್ಲ.
ಬಟ್ಟೆ ಮಾತ್ರ ಅವಳ ಮನೆಗೆ ಹೋಯಿತು, ನನ್ನ ಮನೆಗೆ ಬಂತು.

ಕಾರ್ತಿಕದಲ್ಲಿ ಡೊರೀನ್ ಆಂಟಿಯ ಕುರ್ಚಿ ಖಾಲಿ.
ಪೊರೆ ತೆಗೆಸಿದರೂ ಕಣ್ಣು ಹತ್ತಲಿಲ್ಲವಂತೆ.
"ದಪ್ಪ ಮ್ಯಾಟಿ ಬಟ್ಟೆಯ ಎಳೆ ಬೆರಳಿಗೆ ಸಿಗುತ್ತೆ,
ಸೂಜಿಗಣ್ಣೊಂದು ಸಿಗಲ್ಲ" ಎಂದರು ಫೋನಿನಲ್ಲಿ,
ಪಕ್ಕದ ಮನೆಯವರ ಬೆಕ್ಕು ಕಳೆದ ಸುದ್ದಿ ಹೇಳುವಷ್ಟೇ ಹಗುರಾಗಿ.

ಆ ಭಾನುವಾರ ಯಾರೂ ಹೊಲಿಯಲಿಲ್ಲ.
ನಲವತ್ತು ಸೂಜಿ. ದಾರ ಪೋಣಿಸಿ, ಪೋಣಿಸಿ,
ಹಳೇ ಬನಿಯನ್ನು ತುಂಬಿದ ದಿಂಬಿಗೆ ಚುಚ್ಚಿದೆವು,
ಕೆಂಪು ಈ ಸಾಲು, ಹಸಿರು ಆ ಸಾಲು,
ಹಳದಿ ಎಲ್ಲಿ ಜಾಗ ಸಿಕ್ಕರೆ ಅಲ್ಲಿ.
ಎರಡು ಬಸ್ಸು ಬದಲಿಸಿ ಕುಕ್ ಟೌನಿಗೆ,
ಮುಳ್ಳುಹಂದಿಯಂಥದ್ದನ್ನು ಮಡಿಲಲ್ಲಿಟ್ಟುಕೊಂಡು.
ಪಕ್ಕದ ಸೀಟಿನವರು ತಾವೇ ದೂರ ಸರಿದರು.

ಆಂಟಿ ಬಾಗಿಲಲ್ಲೇ ಕೈ ಚಾಚಿದರು.
ದಾರಗಳ ತುದಿ ಒಂದೊಂದೇ ಮುಟ್ಟುತ್ತಾ ಹೋಗಿ
ಒಂದರ ಬಳಿ ಬೆರಳು ತಡೆಯಿತು.
ಗಂಟು.

"ಇದು ಪೀಣ್ಯದ್ದು" ಎಂದರು
ನಾನಿದ್ದ ಕಡೆಗೆ ಸರಿಯಾಗಿ ತಿರುಗಿ.
ಕಡಿಯಲಿಲ್ಲ.
ಮೊದಲು ಅದನ್ನೇ ಎಳೆದುಕೊಂಡರು.