ಹನ್ನೊಂದನೇ ಪೋರ್ಟು

ರೊಡೋಪಿ ಬೆಟ್ಟದ ಈ ಊರಲ್ಲಿ
ಕೇಬಲ್ಲಿನ ತಲೆಮನೆ ಇರುವುದು ಹಳೇ ಬೇಕರಿಯ ಹಿಂದುಗಡೆ.
ಒಲೆ ಆರಿ ಒಂಬತ್ತು ವರುಷ,
ಗೋಡೆಗೆ ಮೂಗಿಟ್ಟರೆ ಇನ್ನೂ ಹುಳಿಹಿಟ್ಟಿನ ವಾಸನೆ.
ಒಲೆಯಿದ್ದ ಜಾಗದಲ್ಲೀಗ ಕಬ್ಬಿಣದ ರ‍್ಯಾಕು;
ಅದರ ಬೆಚ್ಚನೆ ಉಸಿರಿಗೆ ಪಕ್ಕದ ಮನೆಯ ಬೆಕ್ಕು ಬಂದು ಮಲಗುತ್ತದೆ.

ನಿನ್ನೆ ಸೋಫಿಯಾದಿಂದ ಪೆಟ್ಟಿಗೆ ಬಂತು.
ಮೇಲಿನ ಅಂಕಣಕ್ಕೆ ಟ್ರಾನ್ಸ್‌ಮಿಟರು, ಕೆಳಗೆ ಆಂಪ್ಲಿಫೈಯರು,
ಅದಕ್ಕೆ ಹದಿನಾರು ಬಾಯಿ, ಹದಿನಾರಕ್ಕೂ ಟೊಪ್ಪಿ.
ಕೀಲಿ ಮಾತ್ರ ಒಂದೇ. ಅದು ನನ್ನ ಜೇಬಿನಲ್ಲಿ,
ಮನೆಯ ಬೀಗದಕೈ ಜೊತೆ ಒಂದೇ ದಾರದಲ್ಲಿ.

ಒರೆಸು. ಒರೆಸಿ ನೋಡು. ನೋಡಿ ಇನ್ನೊಮ್ಮೆ ಒರೆಸು.
ಇದು ನನಗೆ ಕೆಲಸ ಕಲಿಸಿದ ವೆಲ್ಕೋನ ಮಾತು.
ಕೂದಲಿನಷ್ಟು ದಪ್ಪದ ಗಾಜು; ಅದರೊಳಗೆ ಬೆಳಕಿನ ಓಣಿ
ಕೂದಲಿನ ಹತ್ತರಲ್ಲೊಂದು ಪಾಲು.
ಆ ಓಣಿಗೆ ಒಂದು ಕಣ ಧೂಳೆಂದರೆ
ಸ್ಮೋಲ್ಯಾನ್ ರಸ್ತೆಗೆ ಉರುಳಿಬಿದ್ದ ಬಂಡೆ.

ಹಸಿರು ಕನೆಕ್ಟರಿಗೆ ಹಸಿರೇ ಆಗಬೇಕು, ನೀಲಿ ಕೂಡದು.
ಹಸಿರಿನ ಮುಖ ಎಂಟು ಡಿಗ್ರಿ ಓರೆ.
ಓರೆಗೆ ಓರೆ ಕೂಡಿದರೆ ಸಂಸಾರ ನೆಟ್ಟಗೆ,
ಎಂದು ನಗುತ್ತಿದ್ದ ವೆಲ್ಕೋ, ಎರಡು ಸಲ ಮದುವೆಯಾದವನು.

ಮೊದಲು ಟ್ರಾನ್ಸ್‌ಮಿಟರಿನ ಬೆಳಕನ್ನು ಅಳೆದೆ,
ಆಮೇಲೆ ಆಂಪ್ಲಿಫೈಯರಿಗೆ ಉಣಿಸಿದೆ.
ಅರೆಹೊಟ್ಟೆಯಲ್ಲಿಟ್ಟರೆ ಅದು ಬರೀ ಗದ್ದಲ ಮಾಡುತ್ತದೆ.
ಕೊನೆಗೆ ಕೀಲಿ ತಿರುಗಿಸಿದೆ. ಏನೂ ಕಾಣಲಿಲ್ಲ.
ಕಾಣಬಾರದು ಕೂಡ.
ಇಣುಕಿ ನೋಡಿದವರ ಕಣ್ಣನ್ನು ಕೇಳದೆ ಸುಡುವ ಬೆಳಕು ಇದು.
ಕಂಡದ್ದನ್ನೇ ನಂಬು ಅನ್ನುವ ಜನರ ನಡುವೆ
ಕಾಣದ್ದನ್ನು ಅಳೆದು ನಾನು ಸಂಬಳ ಎಣಿಸುತ್ತೇನೆ.

ಹದಿನಾರರಲ್ಲಿ ಏಳು ಬಾಯಿಗೆ ಊರುಗಳಿವೆ.
ಉಳಿದ ಒಂಬತ್ತಕ್ಕೂ ಅಷ್ಟೇ ಬೆಳಕು,
ಟೊಪ್ಪಿಯೊಳಗೆ, ಹಗಲೂ ರಾತ್ರಿ.
ಯಾರಿದ್ದಾರೆ ಯಾರಿಲ್ಲ ಎಂದು ಯಂತ್ರ ವಿಚಾರಿಸುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಫೋನು.
ಸ್ತುದೆನ್ ದೋಲಿನ ಫಿದಾಂಕಾ, ಹಿಮ ಗೋರುವ ಲಾರಿಯವಳು:
"ರುಮ್ಯಾನಾ, ಹೊರಗೂ ಹಿಮ, ಟೀವಿಯೊಳಗೂ ಹಿಮ!
ಹವಾಮಾನದ ಹುಡುಗಿ ಕೈ ಆಡಿಸ್ತಿದ್ದಾಳೆ,
ಯಾವ ಬೆಟ್ಟ ತೋರಿಸ್ತಿದ್ದಾಳೋ ದೇವರೇ ಬಲ್ಲ.
ನಾನೀಗ ಘಾಟಿ ಹತ್ತಲೋ, ಮಲಗಲೋ?"

ಕೋಟಿನೊಳಗೆ ನೈಟಿ ತುರುಕಿಕೊಂಡು ಬೇಕರಿಗೆ ಓಡಿದೆ.
ಫಲಕದ ಮೇಲೆ ಎಲ್ಲ ಸರಿ: ಹದಿನಾರಕ್ಕೂ ಹದಿನೆಂಟು.
ಕೊಡುವವರ ಲೆಕ್ಕ ಯಾವತ್ತೂ ಸರಿಯೇ ಇರುತ್ತದೆ,
ತಪ್ಪುವುದು ದಾರಿಯಲ್ಲಿ.

ಬೆಕ್ಕಿಗೆ ಬೈದೆ. ಅದು ಕಣ್ಣೂ ಬಿಡಲಿಲ್ಲ.
ಹನ್ನೊಂದನೇ ಪೋರ್ಟಿನ ಹಳದಿ ಎಳೆಯನ್ನು
ಬೆರಳಲ್ಲಿ ಹಿಡಿದು ಇಳಿದೆ, ಇಳಿದೆ,
ರ‍್ಯಾಕಿನ ಬಾಗಿಲ ಸಂದಿಗೆ ಬಂದು ನಿಂತೆ.
ಸಂಜೆ ಅವಸರದಲ್ಲಿ ಬಾಗಿಲೆಳೆದವಳು ನಾನೇ.
ಕೀಲಿನ ಹತ್ತಿರ ಎಳೆ ಮೊಣಕೈಯಂತೆ ಮಡಿಚಿತ್ತು.
ಬಾಗಿದಲ್ಲಿ ಬೆಳಕು ಗಾಜು ಬಿಟ್ಟು ಹೊರಬೀಳುತ್ತದೆ,
ಸದ್ದಿಲ್ಲದೆ,
ಬಿದ್ದ ಕತ್ತಲನ್ನೂ ಬೆಳಗದೆ.

ಬೆಕ್ಕಿಗೆ ತಪ್ಪಾಯಿತು ಅಂದೆ.
ಎಳೆ ಬಿಡಿಸಿ, ಬಾನಿತ್ಸಾದ ಸುರುಳಿಯಷ್ಟು ಅಗಲಕ್ಕೆ ಸುತ್ತಿ,
ಬಾಗಿಲು ತೆರೆದೇ ಬಿಟ್ಟು, ಫೋನಿನಲ್ಲಿ ಕೇಳಿದೆ:
"ಫಿದಾಂಕಾ, ಬಂತಾ?"

ಉತ್ತರವಿಲ್ಲ.
ನಮ್ಮ ಕಡೆ ಹೌದು ಅನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ.
ಟೀವಿಗೆ ಕಣ್ಣು ನೆಟ್ಟು ಆಡಿಸುತ್ತಿದ್ದಾಳೆ, ಖಂಡಿತ,
ನನಗದು ಕಾಣುತ್ತಿಲ್ಲ ಎಂಬುದನ್ನು ಮರೆತು.
ಅದನ್ನು ಅಳೆಯುವ ಮೀಟರು ನನ್ನ ಚೀಲದಲ್ಲಿಲ್ಲ.

ಕಾದೆ. ಫ್ಯಾನುಗಳ ಗುಂಯ್.
ಆಮೇಲೆ ಫೋನಿನ ಆ ತುದಿಯಲ್ಲಿ ಬೂಟು,
ಬಾಗಿಲು, ಗಾಳಿ,
ಎರಡು ಸಲ ಕೆಮ್ಮಿ
ಮೂರನೆಯದಕ್ಕೆ ಹತ್ತಿಕೊಂಡ ಲಾರಿಯ ಎಂಜಿನ್ನು.