ಎರಡನೇ ಸ್ಟೇಜು

ಎರಡನೇ ಸ್ಟೇಜು, ಅಂದರು ಡಾಕ್ಟರು.
ಹತ್ತೊಂಬತ್ತು ವರ್ಷ ಟಿಕೆಟ್ಟು ಕೊಟ್ಟವಳು ನಾನು,
ಸ್ಟೇಜು ಅಂದರೆ ನನಗೆ
ಸುಮನಹಳ್ಳಿಯಿಂದ ಕಾಮಾಕ್ಷಿಪಾಳ್ಯ.
ಇಷ್ಟೇ ತಾನೆ, ನಡೆದೇ ಹೋಗಬಹುದಲ್ಲ ಅನಿಸಿ
ನಕ್ಕುಬಿಟ್ಟೆ.
ಅವರು ಗಾಬರಿಯಾಗಿ ನೀರು ಕೊಟ್ಟರು.

ಮೊದಲ ನಾಲ್ಕು ಸಲ ಕೆಂಪು ಔಷಧಿ.
ಪಕ್ಕದ ಕುರ್ಚಿಯ ಫಿಲೋಮಿನಾ ಕಣ್ಣು ಮಿಟುಕಿಸಿದಳು:
"ರೋಸ್ ಮಿಲ್ಕಿಗೆ ಹಾಲು ಹಾಕೋದು ಮರೆತಿದ್ದಾರೆ ನೋಡು."
ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ಅದೇ ಕೆಂಪು,
ರಕ್ತ ಅಂದುಕೊಂಡು ಕಿರುಚಿದೆ.
ಅವಳು ಮೊದಲೇ ಹೇಳಬಹುದಿತ್ತು.

ಆಮೇಲೆ ಬಾಯಿ.
ಎರಡೂ ಕೈ ತುಂಬಿದ್ದಾಗ, ನೂಕುನುಗ್ಗಲಲ್ಲಿ,
ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದೆನಲ್ಲ ಒಂದೊಂದು ನಾಣ್ಯ,
ಅದೇ ರುಚಿ;
ಈಗ ಬಾಯಿಬಿಟ್ಟರೂ ಉದುರುವುದಿಲ್ಲ.
ಅನ್ನ ನಾಣ್ಯ, ಅಂಬಲಿ ನಾಣ್ಯ,
ಮೊಸರಿಗೆ ಮಾತ್ರ ಸ್ವಲ್ಪ ಕರುಣೆ.

ಕೆಳಮನೆಯಲ್ಲಿ ಸಾಸಿವೆ ಸಿಡಿದರೆ
ಮೇಲ್ಮನೆಯಲ್ಲಿ ನನಗೆ ಬಕೆಟ್ಟು.
ಕೆಂಪರಾಜು ಒಗ್ಗರಣೆ ಸೌಟು, ಪುಟ್ಟ ಸ್ಟೌವು ಹೊತ್ತು
ತಾರಸಿಗೆ ಹೋಗುತ್ತಾನೆ,
ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು
ಕಳ್ಳಬಟ್ಟಿ ಕಾಯಿಸುವವನ ಹಾಗೆ
ಸಾರಿಗೆ ಇಂಗು ಹಾಕುತ್ತಾನೆ.
ಇಪ್ಪತ್ತೆರಡು ವರ್ಷದ ಸೋಪು ಬಿಟ್ಟ ನನಗಾಗಿ.
ಡೀಸೆಲ್ ವಾಸನೆಗೆ ಮಾತ್ರ
ಹೊಟ್ಟೆ ತೊಳಸಲಿಲ್ಲ ಒಂದು ದಿನವೂ.
ಅದು ತವರು.

ಹದಿನೇಳನೇ ದಿನ ಬಾಚಣಿಗೆಗೆ ಅರ್ಧ ಜಡೆ ಬಂತು.
ಮೈದುನ ಗವಿರಂಗ ಟ್ರಿಮ್ಮರ್ ತಂದು
ಉಳಿದದ್ದನ್ನು ತೆಗೆದ, ಮುಖ ಆಚೆ ತಿರುಗಿಸಿಕೊಂಡು;
ಅದಕ್ಕೇ ಕಿವಿಯ ಹಿಂದೆ ಒಂದು ಗೀರು.
"ಯಾರಾದರೂ ಕೇಳಿದರೆ ತಿರುಪತಿ ಅನ್ನಿ ಅತ್ತಿಗೆ."
ಸುಳ್ಳು ಹೇಳುವ ಕಷ್ಟವೇ ಬರಲಿಲ್ಲ,
ಓಣಿಯವರೆಲ್ಲ ನೇರ ಲಡ್ಡು ಕೇಳಿದರು.

ಹುಬ್ಬೂ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.
ಬೆವರು ಸೀದಾ ಕಣ್ಣಿಗಿಳಿಯುತ್ತದೆ.

ಈಗ ಬೇರೆ ಔಷಧಿ, ವಾರಕ್ಕೊಂದು, ಹನ್ನೆರಡು.
ಬೆರಳ ತುದಿಗಳು ಜೋಮು ಹಿಡಿದು ನನ್ನವಲ್ಲ.
ಕರೆಂಟಿಲ್ಲದ ಬಸ್ಸಿನಲ್ಲಿ, ಚೀಲದೊಳಗೆ ಕೈಬಿಟ್ಟು
ಐದರ ಬಿಲ್ಲೆ, ಎರಡರ ಬಿಲ್ಲೆ ಬೇರೆ ಮಾಡುತ್ತಿದ್ದ ಬೆರಳು
ರವಿಕೆಯ ಹುಕ್ಕು ಹುಡುಕಿ ಹುಡುಕಿ ಅಳಿಸುತ್ತವೆ.
ನಿದ್ದೆ ಬಾರದ ಮಾತ್ರೆಯ ರಾತ್ರಿ, ಮೂರೂವರೆಗೆ,
ಹುಂಡಿ ಸುರಿದುಕೊಂಡು ಚಾಪೆಯ ಮೇಲೆ
ಕಣ್ಣುಮುಚ್ಚಿ ಎಣಿಸುತ್ತೇನೆ.
ನಲವತ್ತು ಆಗುತ್ತದೆ, ಐವತ್ತೈದಾಗುತ್ತದೆ.
ಡಿಪೋದಲ್ಲಿ ಮೊದಲ ಗಾಡಿ ಕೆಮ್ಮಿ ಎದ್ದಿತು.
ಇವತ್ತಿನ ಕಲೆಕ್ಷನ್ ತಾಳೆಯಾಗಲಿಲ್ಲ.

ನಿನ್ನೆ ಆಸ್ಪತ್ರೆಗೆ ಒಬ್ಬಳೇ ಹೊರಟೆ.
ಕಂಡಕ್ಟರು ಹೊಸ ಹುಡುಗ,
ಎದೆಯ ಬಿಲ್ಲೆ ಇನ್ನೂ ಹೊಳೆಯುತ್ತಿತ್ತು.
ಆಧಾರ್ ನೋಡಿದ: ಎದೆಮೇಲೆ ಎಳೆದುಕೊಂಡ ದಪ್ಪ ಜಡೆ.
ನನ್ನನ್ನು ನೋಡಿದ.
"ಇದು ಯಾರಮ್ಮ?"
"ಅವಳು ರಜದ ಮೇಲಿದ್ದಾಳಪ್ಪ."
ಸುಮ್ಮನೆ ಮಿಷನ್ ಒತ್ತಿದ. ಸೊನ್ನೆ ಟಿಕೆಟ್ಟು.
ಕೈಗೆ ಬಂದದ್ದು ಗೊತ್ತಾಗದೆ ಬೀಳಿಸಿದೆ, ಎರಡು ಸಲ.
ಬಗ್ಗಿ ಎತ್ತಿ ನನ್ನ ಫೈಲಿನೊಳಗೆ ಸಿಕ್ಕಿಸಿ
"ಲೇಡೀಸ್ ಸೀಟು, ಸ್ವಲ್ಪ ಏಳಿ" ಅಂದ ಯಾರಿಗೋ.
ಯಾರೂ ಏಳಲಿಲ್ಲ.
ಆ ದನಿ ಸಾಲದು ಮಗ, ಅದು ಹೊಟ್ಟೆಯಿಂದ ಬರಬೇಕು.

ವಿಲ್ಸನ್ ಗಾರ್ಡನ್ನಿನಲ್ಲಿ ಬಸ್ಸು ನಿಂತೇ ಇತ್ತು.
ಹುಡುಗ ಹಿಂದೆಲ್ಲೋ ಚಿಲ್ಲರೆಗೆ ಜಗಳದಲ್ಲಿದ್ದ.
ಎಷ್ಟು ಹೊತ್ತು ತಡೆಯಲಿ?
ಹುಣ್ಣೆದ್ದ ಬಾಯಿಂದ, ನನ್ನನ್ನು ಕೇಳದೆ,
"ರೈಟ್!"

ಗಾಡಿ ಹೊರಟೇಬಿಟ್ಟಿತು.
ಇನ್ನೂ ಮೆಟ್ಟಿಲ ಮೇಲಿದ್ದ ಮುದುಕಿಯೊಬ್ಬಳು
ಕಂಬಿ ತಬ್ಬಿಕೊಂಡು, ಏಳು ತಲೆಮಾರು ಎಳೆದು ಬೈದಳು.
ಡ್ರೈವರು ಬ್ರೇಕು ಹಾಕಿದ, ಅವನೂ ಬೈದ.
ಎಷ್ಟು ದಿನವಾಗಿತ್ತು
ನನ್ನನ್ನು ಯಾರೂ ಬೈದು.
"ನಿಧಾನ ಇಳೀರಮ್ಮ, ತಪ್ಪಾಯ್ತು," ಅಂದೆ.
ಫೈಲು ಎದೆಗೊತ್ತಿ ಎದ್ದು ನಿಂತೆ.
ನನ್ನದು ಮುಂದಿನ ಸ್ಟಾಪು.